ಉಸುಕು, ಗರಸು, ಖಡಿ ತೆಗೆದ ಹೊಂಡದಿಂದ ಆವಿಯಾಗಿ ಹೋಗುವ ಅಂತರ್ಜಲ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಣೆಬೆನ್ನೂರು, ಹಾವೇರಿ ತಾಲೂಕಿನ ನದಿದಂಡೆಯ ಹೊಲಗಳಲ್ಲಿ ಉಸುಕು ತೆಗೆದ ಹೊಂಡಗಳು, ಧಾರವಾಡ–ಹುಬ್ಬಳ್ಳಿ ಸುತ್ತ ಖಡಿ ಕ್ವಾರಿಗಳು, ಗದಗ–ಶಿರಹಟ್ಟಿ ಕಡೆ ಗರಸಿನ ಗುಂಡಿಗಳು. ಎಲ್ಲಿ ಹೋದರೂ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ. ಕೇಳಿದವರಲ್ಲಿ ಬೋರ್ ಬತ್ತಿದ ರೈತರಿದ್ದಾರೆ, ಪಂಚಾಯ್ತಿ ಸದಸ್ಯರಿದ್ದಾರೆ, ಖಡಿ ಮಷಿನ್ ನಡೆಸುವವರೂ ಇದ್ದಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಅಂಕಿ ಬಂದ ಕಡೆ ಲೆಕ್ಕ ಬಿಡಿಸಿ ತೋರಿಸಿದ್ದೇನೆ. ನಿಮ್ಮ ಹೊಂಡದ ಅಳತೆ ಹಾಕಿ ನೀವೇ ಮಾಡಿ ನೋಡಬಹುದು.

ಹೊಂಡದಾಗ ನೀರು ನಿಂತರ ಛಲೋ ಅಲ್ಲೇನ್ರಿ ಸರ? ಊರಿಗೊಂದು ಕೆರಿ ಆದಂಗಾತು.

ಆ ನೀರು ಎಲ್ಲಿಂದ ಬಂತು ಅನ್ನುವುದರ ಮೇಲೆ ಹೋಗುತ್ತದೆ. ಕೆರೆಗೆ ನೆಲದ ಮೇಲೆ ಒಡ್ಡು ಇರುತ್ತದೆ. ಹರಿದು ಹೋಗಬೇಕಾಗಿದ್ದ ಮಳೆನೀರನ್ನು ಅದು ತಡೆದು ನಿಲ್ಲಿಸುತ್ತದೆ. ಸಾಮಾನ್ಯವಾಗಿ ಅದರ ತಳ ಅಂತರ್ಜಲದ ಮಟ್ಟಕ್ಕಿಂತ ಮೇಲಿರುವುದರಿಂದ ಒಂದಿಷ್ಟು ನೀರು ಕೆಳಗೆ ಇಂಗಿ ಸುತ್ತಲಿನ ಬಾವಿಗಳಿಗೆ ಜಮಾ ಆಗುತ್ತದೆ.

ನೀರಿನ ಮಟ್ಟ ದಾಟಿ ತೋಡಿದ ಹೊಂಡದಲ್ಲಿ ನಿಂತದ್ದು ನಿಮ್ಮ ಬಾವಿಯಲ್ಲಿರುವ ನೀರೇ. ನೆಲದಡಿ ಮುಚ್ಚಿಕೊಂಡಿದ್ದು ಬಿಸಿಲಿಗೆ ಬಂದಿದೆ, ಅಷ್ಟೇ. ಏಪ್ರಿಲ್‌ನಲ್ಲೂ ಹೊಂಡ ತುಂಬಿ ಕಾಣುವುದಕ್ಕೆ ಕಾರಣ, ಮೇಲಿಂದ ಆರಿ ಹೋದಷ್ಟನ್ನು ಸುತ್ತಲಿನ ನೆಲ ಒಳಗಿಂದ ತುಂಬಿಸುತ್ತಲೇ ಇರುತ್ತದೆ. ಹೊಂಡ ಬತ್ತಲಿಲ್ಲ ಅಂತ ಊರವರು ಖುಷಿಪಡುತ್ತಾರೆ. ಅದು ಬತ್ತದೆ ಇರಲಿ ಅಂತ ಯಾರ ಬಾವಿ ಇಳಿಯಿತು ಅಂತ ಕೇಳುವವರು ಕಡಿಮೆ.

ನೆಲದಾಗ ಇದ್ದಾಗ ಆರದ ನೀರು ಹೊಂಡಕ್ಕ ಬಂದ ಕೂಡಲೇ ಯಾಕ ಆರತೈತಿ?

ನೀರು ಆರಲು ಬಿಸಿಲು, ಒಣ ಗಾಳಿ ಎರಡೂ ಅದರ ಮೈ ಮುಟ್ಟಬೇಕು. ಹತ್ತು ಹದಿನೈದು ಅಡಿ ಆಳದಲ್ಲಿ ಇದ್ದ ನೀರಿಗೆ ಅವು ಮುಟ್ಟುವುದಿಲ್ಲ. ಉಸುಕು, ಗರಸಿನಲ್ಲಂತೂ ನೀರು ತಾನಾಗಿ ಮೇಲೇರುವುದು ಕಡಿಮೆ, ಕಣಗಳ ನಡುವಿನ ಸಂದು ದೊಡ್ಡದು. ಎರಿ ಮಣ್ಣಿನಲ್ಲಿ ಅದಕ್ಕಿಂತ ಹೆಚ್ಚು ಮೇಲೇರುತ್ತದೆಯಾದರೂ ಅದಕ್ಕೂ ಒಂದು ಮಿತಿ ಇದೆ. ಉಸುಕಿನ ಪದರವೇ ನೀರಿಗೆ ಮುಚ್ಚಳವಾಗಿತ್ತು. ಆ ಮುಚ್ಚಳವನ್ನು ಟ್ರಕ್ಕಿಗೆ ಹೇರಿ ಕಳಿಸಿದ ಮೇಲೆ ತಡೆಯುವವರಿಲ್ಲ.

ಗದಗ ಕಡೆ ಇದಕ್ಕೆ ಗಾಳಿಯೂ ಸೇರಿಕೊಳ್ಳುತ್ತದೆ. ಗುಡ್ಡದ ಮೇಲೆ ಗಾಳಿಯಂತ್ರ ಸಾಲಾಗಿ ತಿರುಗುವ ಸೀಮೆಯಲ್ಲಿ ತೆರೆದ ನೀರು ಬೇಗ ಆರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಒಂದು ಎಕರೆ ಹೊಂಡದಿಂದ ಎಷ್ಟು ನೀರು ಹೋಗತೈತಿ? ಬಾಯಿಲೆಕ್ಕ ಬ್ಯಾಡ, ಅಂಕಿ ಹೇಳ್ರಿ.

ಸರಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಒಂದು ಎಕರೆ ಅಂದರೆ 4,047 ಚದರ ಮೀಟರ್. ಈ ಎರಡು ಗೊತ್ತಿದ್ದರೆ ಉಳಿದದ್ದು ಬರೇ ಗುಣಾಕಾರ.

ವರ್ಷದ ಸರಾಸರಿ ದಿನಕ್ಕೆ 4 ಮಿಮೀ ಆರುತ್ತದೆ ಅಂತ ಹಿಡಿಯೋಣ. ನಮ್ಮ ಬಯಲುಸೀಮೆಗೆ ಇದು ಕೈಬಿಗಿ ಹಿಡಿದ ಅಂದಾಜು. ದಿನಕ್ಕೆ 16 ಸಾವಿರ ಲೀಟರ್ ಆಯಿತು, 5,000 ಲೀಟರಿನ ಮೂರು ಟ್ಯಾಂಕರ್‌ಗಿಂತ ಹೆಚ್ಚು. ಏಪ್ರಿಲ್–ಮೇ ತಿಂಗಳಲ್ಲಿ 7 ಮಿಮೀ ಅಂತ ಹಿಡಿದರೆ ದಿನಕ್ಕೆ 28 ಸಾವಿರ ಲೀಟರ್, ಐದೂವರೆ ಟ್ಯಾಂಕರ್. ಬೋರಿನ ಮೀಟರ್ ತಿರುಗುವುದಿಲ್ಲ, ಕರೆಂಟ್ ಬಿಲ್ ಬರುವುದಿಲ್ಲ, ಸಪ್ಪಳವೂ ಇಲ್ಲ. ಹಗಲೂ ರಾತ್ರಿ ಖರ್ಚು ನಡೆದೇ ಇರುತ್ತದೆ.

ಇಲ್ಲಿ ಕ್ವಾರಿ ಮಾಲೀಕರು ಒಂದು ನ್ಯಾಯವಾದ ಆಕ್ಷೇಪ ಎತ್ತುತ್ತಾರೆ: "ಹೊಂಡದ ಮ್ಯಾಲೆ ಮಳೀನೂ ಬೀಳತೈತಲ್ರಿ, ಅದನ್ನ ಕಳೀರಿ." ಕಳೆಯಲೇಬೇಕು. ವರ್ಷದ ಆವಿ 1,460 ಮಿಮೀ, ಮಳೆ 700 ಮಿಮೀ ಅಂತ ಇಟ್ಟುಕೊಂಡರೆ ನಿವ್ವಳ ನಷ್ಟ 760 ಮಿಮೀ. ಆದರೆ ಅಲ್ಲಿಗೇ ನಿಲ್ಲಿಸಬಾರದು. ಹೊಂಡ ಆಗುವ ಮುಂಚೆ ಅದೇ ನೆಲದಲ್ಲಿ ಮಳೆಯ ಒಂದು ಪಾಲು ಇಂಗುತ್ತಿತ್ತು. ಸವೆದ ಗ್ರಾನೈಟ್, ನೈಸ್, ಶಿಸ್ಟ್ ಶಿಲೆಯ ನೆಲದಲ್ಲಿ ಮಳೆಯ ಸುಮಾರು 8ರಿಂದ 11 ಪ್ರತಿಶತ ಇಂಗುತ್ತದೆ ಅಂತ ಅಂತರ್ಜಲ ಅಂದಾಜು ಸಮಿತಿಯ ಪದ್ಧತಿಯಲ್ಲಿ ಹಿಡಿಯುತ್ತಾರೆ. 9 ಪ್ರತಿಶತ ಅಂದರೆ 63 ಮಿಮೀ. ಆ ಜಮೆಯೂ ತಪ್ಪಿತು. ಒಟ್ಟು ಫರಕು 823 ಮಿಮೀ, ಎಕರೆಗೆ ವರ್ಷಕ್ಕೆ ಸುಮಾರು 33 ಲಕ್ಷ ಲೀಟರ್.

ಈಗ 823ನ್ನು 63ರಿಂದ ಭಾಗಿಸಿ. ಹದಿಮೂರು ಬರುತ್ತದೆ. ಒಂದು ಎಕರೆ ತೆರೆದ ನೀರು, ಹದಿಮೂರು ಎಕರೆ ಹೊಲದಲ್ಲಿ ವರ್ಷವಿಡೀ ಇಂಗಿದ ಮಳೆಯನ್ನು ಒಂದೇ ಉಸುರಿಗೆ ಕುಡಿದು ಹಾಕುತ್ತದೆ. ಗ್ರಾಮಸಭೆಯಲ್ಲಿ ಒಂದೇ ಒಂದು ಅಂಕಿ ಹೇಳಲು ಪುರಸೊತ್ತು ಸಿಕ್ಕರೆ ಇದನ್ನೇ ಹೇಳಿ.

ಹೊಂಡ ಆಳ ಇದ್ದಷ್ಟೂ ಆವಿ ಹೆಚ್ಚೇನು?

ಇಲ್ಲ. ಲೆಕ್ಕಕ್ಕೆ ಬರುವುದು ನೀರಿನ ಬಾಯಿಯ ಅಗಲ. ಹತ್ತು ಅಡಿ ಆಳದ ಎರಡು ಎಕರೆ ಹೊಂಡ, ಇಪ್ಪತ್ತು ಅಡಿ ಆಳದ ಒಂದು ಎಕರೆ ಹೊಂಡದ ಎರಡರಷ್ಟು ನೀರು ಕಳೆಯುತ್ತದೆ, ತೆಗೆದ ಮಾಲು ಮಾತ್ರ ಎರಡರಲ್ಲೂ ಒಂದೇ.

ಆವಿ ಒಂದೇನೋ, ಬ್ಯಾರೆ ಖರ್ಚೂ ಐತೋ?

ಐತಿ. ಮೂರು ಬಾಬತ್ತು ಜನ ಮರೆಯುತ್ತಾರೆ.

ಮೊದಲನೆಯದು ಹೊಂಡ ತುಂಬಿಸುವ ಖರ್ಚು. ನೀರಿನ ಮಟ್ಟದ ಕೆಳಗೆ ಒಂದು ಘನ ಮೀಟರ್ ಉಸುಕು ತೆಗೆದಿರಿ ಅನ್ನಿ. ಅದರಲ್ಲಿ ಮೊದಲು ಸಂದುಗೊಂದಿಯಲ್ಲಿ ಇದ್ದ ನೀರು ಕಾಲು ಭಾಗದ ಆಸುಪಾಸು, ಉಳಿದದ್ದು ಗಟ್ಟಿ ಮಾಲು. ಮಾಲು ಹೋದ ಜಾಗವೆಲ್ಲ ಈಗ ನೀರಿನಿಂದಲೇ ತುಂಬಬೇಕು, ಆ ನೀರು ಸುತ್ತಲಿನ ನೆಲದಿಂದ ಬರಬೇಕು. ಇದು ಒಂದು ಸಲದ ಖರ್ಚು ನಿಜ. ಆದರೆ ಹೊಂಡ ಬೆಳೆಯುವಷ್ಟು ದಿನವೂ ಅದು ನಡೆದಿರುತ್ತದೆ. ಹೊಸದಾಗಿ ಉಸುಕು ತೆಗೆಯಲು ಹತ್ತಿದ ಮೊದಲ ವರ್ಷವೇ ಪಕ್ಕದ ಬಾವಿ ಇಳಿದರೆ, ಆವಿಗಿಂತ ಮುಂಚೆ ಇದರ ಮೇಲೆ ಸಂಶಯಪಡಿ.

ಎರಡನೆಯದು ಮಾಲಿನ ಜೋಡಿ ಹೊರಗೆ ಹೋಗುವ ತೇವ. ಹಸಿ ಉಸುಕಿನ ಟ್ರಕ್ಕು ಹೆದ್ದಾರಿಯಲ್ಲಿ ಸಾಲುಹನಿ ಉದುರಿಸುತ್ತ ಹೋಗುವುದನ್ನು ಎಲ್ಲರೂ ನೋಡಿದ್ದೇವೆ. ತೊಳೆದ ಮಾಲಿನ ತೂಕದ 4 ಪ್ರತಿಶತ ನೀರು ಅಂತ ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ಹಿಡಿಯುತ್ತಾರೆ. ಹತ್ತು ಟನ್ನಿಗೆ 400 ಲೀಟರ್.

ಮೂರನೆಯದು ಖಡಿ ಮಷಿನ್‌ನ ಧೂಳಿಗೆ, ಕಚ್ಚಾ ರಸ್ತೆಗೆ ಹೊಡೆಯುವ ನೀರು. ಹೊಡೆಯಲೇಬೇಕು, ಇಲ್ಲದಿದ್ದರೆ ಸುತ್ತಲಿನ ಹತ್ತಿ, ಮೆಣಸಿನಕಾಯಿ ಬೆಳೆಯ ಎಲೆಯೆಲ್ಲ ಬೂದಿಬಣ್ಣ. ಆದರೆ ಅದೂ ಪೂರ್ತಿ ಆವಿಯೇ, ತಿರುಗಿ ನೆಲ ಸೇರುವುದಿಲ್ಲ. ಅದನ್ನೂ ಖರ್ಚಿನ ಕಡೆ ಬರೆಯಿರಿ.

ಆವಿ ಆದ ನೀರನ್ನ ತಿರುಗಿ ಕೊಡಬೇಕು ಅಂತ ಎಲ್ಲ್ಯಾರ ಕಾನೂನು ಐತೇನ್ರಿ? ಯಾರಾರ ಮಾಡ್ಯಾರೇನು?

ಮಾಡಿದ್ದಾರೆ, ಕೊಲರಾಡೋದಲ್ಲಿ. ಅಲ್ಲಿ ಡೆನ್ವರ್ ಊರಿನ ಆಸುಪಾಸು ಸೌತ್ ಪ್ಲಾಟ್ ಮತ್ತು ಅದರ ಉಪನದಿಗಳ ದಂಡೆಗುಂಟ ಒಳ್ಳೆಯ ಗರಸು ಇದೆ, ನೀರಿನ ಮಟ್ಟ ಮೇಲೆಯೇ ಇದೆ. ಗರಸು ತೆಗೆದರೆ ಹೊಂಡ ತುಂಬಿಕೊಳ್ಳುತ್ತದೆ. ಅಲ್ಲಿಯ ನೀರಿನ ಹಕ್ಕಿನ ಪದ್ಧತಿ ನಮ್ಮದರಂತಲ್ಲ. ನದಿಯ ನೀರನ್ನು ಯಾರು ಮೊದಲು ಬಳಸಲು ಹತ್ತಿದರೋ ಅವರ ಹಕ್ಕು ಹಿರಿಯದು. ನೀರು ಕಡಿಮೆ ಬಿದ್ದ ವರ್ಷ ಹಿರಿಯರಿಗೆ ಪೂರ್ತಿ ಸಿಕ್ಕ ಮೇಲೆ ಕಿರಿಯರಿಗೆ. ನದಿಗೆ ಕೂಡುವ ಅಂತರ್ಜಲವೂ ಇದೇ ಲೆಕ್ಕದೊಳಗೆ ಬರುತ್ತದೆ. ಹಿಂಗಿರುವಾಗ ನಿನ್ನೆ ಮೊನ್ನೆ ಬಂದ ಗರಸಿನ ಹೊಂಡ ಬಿಸಿಲಿಗೆ ನೀರು ಕಳೆದರೆ ನೂರು ವರ್ಷದ ಹಳೇ ಕಾಲುವೆಯ ರೈತ ಸುಮ್ಮನಿರುತ್ತಾನೆಯೇ?

ಜಗಳ ಕೋರ್ಟಿಗೆ ಹೋಯಿತು. ಕಾಶ್ ಲಾ ಪೂಡರ್ ನದಿಯ ನೀರು ಬಳಕೆದಾರರ ಸಂಘ ಒಂದು ಕಡೆ, ಗರಸಿನ ಕಂಪನಿ ಇನ್ನೊಂದು ಕಡೆ. 1988ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಅಂತರ್ಜಲ ತೆರೆದಿಟ್ಟ ಗರಸಿನ ಹೊಂಡ ಅಂದರೆ ಬಾವಿಯೇ, ಬಾವಿಗೆ ಇರುವ ಪರವಾನಗಿ ಅದಕ್ಕೂ ಬೇಕು ಅಂದಿತು. ಪಂಪ್ ಇಲ್ಲ, ಪೈಪ್ ಇಲ್ಲ ಅನ್ನುವ ವಾದ ನಡೆಯಲಿಲ್ಲ. ಮರುವರ್ಷ 1989ರಲ್ಲಿ ಶಾಸನವೇ ಬಂತು. 1980ರ ಡಿಸೆಂಬರ್ 31ರ ನಂತರ ನೀರು ತೆರೆದುಕೊಂಡ ಹೊಂಡಗಳ ಮಾಲೀಕರು ಆವಿಯ ನಷ್ಟವನ್ನು ತುಂಬಿಕೊಡುವ ಯೋಜನೆ ಒಪ್ಪಿಸಬೇಕು. ಅದಕ್ಕಿಂತ ಹಳೆಯ ಹೊಂಡಗಳಿಗೆ ವಿನಾಯ್ತಿ.

ಅವರು ಲೆಕ್ಕ ಇಡುವ ಶಿಸ್ತು ನೋಡಬೇಕು. ವರ್ಷದ ಆವಿಯನ್ನು ತಿಂಗಳಿಗೆ ಹಂಚುತ್ತಾರೆ: ಎತ್ತರ ಕಡಿಮೆ ಇರುವ ಕಡೆ ಜನವರಿಗೆ 3 ಪ್ರತಿಶತ, ಜುಲೈಗೆ 15. ನಮಗೆ ಜುಲೈ ಅಂದರೆ ಮೋಡ, ಜಿಟಿಜಿಟಿ ಮಳೆ. ಅವರಿಗೆ ಉರಿಬಿಸಿಲು, ಹಾಗಾಗಿ ಆ ಪಟ್ಟಿಯನ್ನು ಇಲ್ಲಿಗೆ ಎತ್ತಿ ತರುವಂತಿಲ್ಲ. ಹೊಂಡದಿಂದ ನದಿಗೆ ಎಷ್ಟು ದೂರ, ನಷ್ಟದ ಪೆಟ್ಟು ನದಿಗೆ ಯಾವ ತಿಂಗಳು ತಟ್ಟುತ್ತದೆ ಅನ್ನುವುದನ್ನೂ ಲೆಕ್ಕ ಹಾಕಿ, ಆ ತಿಂಗಳು ಅಷ್ಟು ನೀರನ್ನು ನದಿಗೆ ಬಿಡಬೇಕು. ನೀರು ಎಲ್ಲಿಂದ? ಹಳೆಯ ಕಾಲುವೆಯ ಪಾಲು ಕೊಂಡು, ಆ ಪಾಲಿನಲ್ಲಿ ಬೆಳೆಯುತ್ತಿದ್ದ ಹೊಲವನ್ನು ಬೀಳುಬಿಟ್ಟು, ಬೆಳೆ ಕುಡಿಯುತ್ತಿದ್ದಷ್ಟು ನೀರನ್ನು ಮಾತ್ರ ಜಮೆ ತೋರಿಸುತ್ತಾರೆ. ಇದು ತೊಡಕು ಅನ್ನಿಸಿದವರು ಹೊಂಡದ ಸುತ್ತ ಕೆಳಗಿನ ಗಟ್ಟಿ ಪದರ ಮುಟ್ಟುವವರೆಗೆ ಜೇಡಿಯ ಗೋಡೆ ಇಳಿಸಿಬಿಡುತ್ತಾರೆ. ಆಮೇಲೆ ಅದು ಅಂತರ್ಜಲಕ್ಕೆ ಸಂಬಂಧವಿಲ್ಲದ ತೊಟ್ಟಿ. ಎಷ್ಟೋ ಊರುಗಳು ಅಂಥ ಹೊಂಡಗಳನ್ನೇ ನೀರು ಸಂಗ್ರಹಕ್ಕೆ ಇಟ್ಟುಕೊಂಡಿವೆ.

ನಮ್ಮ ಕಾನೂನಿನಾಗ ಏನೈತಿ?

ತಿಂಗಳಿಗಿಷ್ಟು ಆವಿ ಆಯಿತು, ಅಷ್ಟು ನೀರು ತಿರುಗಿ ಕೊಡು ಅನ್ನುವ ಕೊಲರಾಡೋ ನಮೂನೆಯ ಲೆಕ್ಕ ನಮ್ಮಲ್ಲಿಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ, ತನ್ನ ನೆಲದಡಿ ಗೊತ್ತಾದ ಹರಿವಿಲ್ಲದೆ ಇರುವ ನೀರು ನೆಲದ ಒಡೆಯನಿಗೆ ಸೇರಿದ್ದು ಅನ್ನುವ ವಿಚಾರ ನಮ್ಮ ತಲೆಯಲ್ಲಿ ಕೂತಿದೆ. ನಮ್ಮ ಅರ್ಧ ಜಗಳಗಳ ಬೇರು ಅಲ್ಲೇ ಇದೆ ಅಂತ ನನ್ನ ಎಣಿಕೆ.

ಹಾಗಂತ ಏನೂ ಇಲ್ಲ ಅಂತಲ್ಲ. ಉಸುಕು, ಗರಸು, ಕಟ್ಟಡ ಕಲ್ಲು ಎಲ್ಲ ಉಪಖನಿಜ. 1957ರ ಗಣಿ ಕಾಯ್ದೆಯಡಿ ರಾಜ್ಯವೇ ನಿಯಮ ಮಾಡುತ್ತದೆ, ನಮ್ಮಲ್ಲಿ 1994ರ ಉಪಖನಿಜ ರಿಯಾಯಿತಿ ನಿಯಮಗಳಿವೆ. 2012ರ ಫೆಬ್ರುವರಿಯಲ್ಲಿ ಹರಿಯಾಣದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಅಂದ ಮೇಲೆ ಸಣ್ಣ ಕ್ವಾರಿಗಳೂ ಅದರೊಳಗೆ ಬಂದವು. ಅಂತರ್ಜಲಕ್ಕೆ 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಇದೆ. ಕುಡಿಯುವ ನೀರಿನ ಸರಕಾರಿ ಬಾವಿಯಿಂದ 500 ಮೀಟರ್ ಒಳಗೆ ಪರವಾನಗಿ ಇಲ್ಲದೆ ಹೊಸ ಬಾವಿ ತೋಡಬಾರದು ಅಂತ 1999ರ ಕಾಯ್ದೆ ಹೇಳುತ್ತದೆ.

ನಿಮ್ಮ ಊರಿನ ಕ್ವಾರಿಯ ಅನುಮತಿ ಪತ್ರ ತರಿಸಿ ಓದಿ. ಗಣಿಗಾರಿಕೆ ಅಂತರ್ಜಲದ ಮಟ್ಟ ದಾಟಬಾರದು, ದಾಟುವುದಿದ್ದರೆ ಮೊದಲೇ ಅನುಮತಿ ಬೇಕು ಅನ್ನುವ ಷರತ್ತು ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಹೊಸ ಕಾನೂನು ಬರಲಿ ಅಂತ ಕಾಯುವುದಕ್ಕಿಂತ ಆ ಒಂದು ಸಾಲು ಹಿಡಿದುಕೊಂಡು ಕೇಳುವುದು ಜಲ್ದಿ ಕೆಲಸಕ್ಕೆ ಬರುತ್ತದೆ.

ನಮ್ಮದು ಬರೇ ಬಂಡಿಗಲ್ಲಿನ ಕ್ವಾರಿ ಸರ. ನಿಂತಿದ್ದು ಮಳೀ ನೀರು. ಅಂತರ್ಜಲ ಎಲ್ಲಿಂದ ಬಂತು?

ಇರಬಹುದು. ಕೊಲರಾಡೋದ ಗರಸಿಗೂ ನಮ್ಮ ಬಂಡೆಗೂ ಭಾಳ ಫರಕು. ಧಾರವಾಡದ ಸುತ್ತಲಿನದು ಭೂಮಿಯ ಹಳೆಯ ಶಿಲೆಗಳಲ್ಲಿ ಒಂದು. ಭೂವಿಜ್ಞಾನಿಗಳು ಈ ಊರಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಇಂಥ ಬಂಡೆಯಲ್ಲಿ ನೀರು ಇರುವುದು ಮೇಲಿನ ಸವೆದ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ. ಬಿರುಕು ಸಿಗದ ಕ್ವಾರಿ ನಿಜಕ್ಕೂ ಕಲ್ಲಿನ ಬಾನಿ ಇದ್ದಂತೆ. ಅದರಲ್ಲಿ ಆರುವುದು ಮಳೆನೀರು, ಯಾರ ಬಾವಿಗೂ ತ್ರಾಸಿಲ್ಲ. ಒಂದು ದೊಡ್ಡ ಬಿರುಕು ಕಡಿದರೆ ಮಾತ್ರ ಕಥೆ ಬೇರೆ.

ಯಾವುದು ಅಂತ ವಾದ ಮಾಡುವ ಬದಲು ಅಳೆದು ನೋಡಬಹುದು. ಖರ್ಚು ಹೆಚ್ಚಿಲ್ಲ. ಮಳೆ ಇಲ್ಲದ ಫೆಬ್ರುವರಿ–ಮಾರ್ಚ್‌ನಲ್ಲಿ ಹೊಂಡದ ಅಂಚಿಗೆ ಒಂದು ಕಬ್ಬಿಣದ ಪಟ್ಟಿ ನಿಲ್ಲಿಸಿ, ಅದರ ಮೇಲೆ ಮಿಲಿಮೀಟರ್ ಗೆರೆಯ ಟೇಪು ಅಂಟಿಸಿ. ಹತ್ತು ದಿನ ಪಂಪ್ ಬಂದ್. ದಿನಾ ಮುಂಜಾನೆ ಗಾಳಿ ಏಳುವ ಮುಂಚೆ ಓದಬೇಕು. ಗಾಳಿ ಎದ್ದ ಮೇಲೆ ತೆರೆ ಏಳುತ್ತದೆ, ಓದಿದ್ದು ನಂಬುವಂತಿಲ್ಲ. ಅವೇ ಹತ್ತು ದಿನ ಹತ್ತಿರದ ಹವಾಮಾನ ಕೇಂದ್ರದ ಆವಿ ಅಳತೆ ತೆಗೆದುಕೊಳ್ಳಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಅಂಥ ವೀಕ್ಷಣಾಲಯ ಇದೆ.

ಆವಿ ಅಳೆಯುವ ತೊಟ್ಟಿಯನ್ನು ಒಮ್ಮೆ ಹತ್ತಿರದಿಂದ ನೋಡಿ ಬರಬೇಕು. ನಾಲ್ಕು ಅಡಿ ಅಗಲ, ಹತ್ತು ಇಂಚು ಆಳದ ದುಂಡನೆಯ ತೊಟ್ಟಿ, ಕಟ್ಟಿಗೆಯ ಚೌಕಟ್ಟಿನ ಮೇಲೆ. ಹಕ್ಕಿ ಕುಡಿಯದಂತೆ ಮೇಲೆ ತಂತಿ ಬಲೆ. ಒಳಗೆ ಒಂದು ಸಣ್ಣ ಕೊಳವೆ, ಅದರ ನಡುವೆ ಸೂಜಿಯಂಥ ಮೊನೆ. ನೀರು ಇಳಿದಾಗ ಮೊನೆ ಹೊರಗೆ ಕಾಣುತ್ತದೆ. ಮುಂಜಾನೆ ನೋಡುವವರು ಅಳತೆಯ ಪಾತ್ರೆಯಿಂದ ತುಸು ತುಸುವೇ ನೀರು ಹಾಕುತ್ತಾರೆ. ನೀರಿನ ಮೈ ಮೊನೆಯ ತುದಿಯನ್ನು ತಾಕುವ ಗಳಿಗೆಗೆ ಕೈ ನಿಲ್ಲಿಸುತ್ತಾರೆ. ಹಾಕಿದ್ದೆಷ್ಟೋ ನಿನ್ನೆಯಿಂದ ಆರಿದ್ದು ಅಷ್ಟು. ಸಣ್ಣ ತೊಟ್ಟಿ ಬೇಗ ಕಾಯುವುದರಿಂದ ದೊಡ್ಡ ಹೊಂಡಕ್ಕೆ ಅದರ ಏಳು ಎಂಟು ಹತ್ತಾಂಶ ಹಿಡಿಯುವುದು ರೂಢಿ.

ಈಗ ಹೋಲಿಸಿ. ತೊಟ್ಟಿ ದಿನಕ್ಕೆ 8 ಮಿಮೀ ತೋರಿಸಿತು, ಏಳು ಹತ್ತಾಂಶ ಅಂದರೆ 5.6, ಹತ್ತು ದಿನಕ್ಕೆ 56 ಮಿಮೀ. ಹೊಂಡವೂ 56ರ ಆಸುಪಾಸು ಇಳಿದಿದ್ದರೆ ಅದು ಬಾನಿ, ನಿಮ್ಮ ಮಾತು ಖರೆ. 20 ಮಾತ್ರ ಇಳಿದಿದ್ದರೆ ಉಳಿದ 36 ಮಿಮೀ ನೆಲದಿಂದ ಬಂದಿದೆ. ಎರಡು ಎಕರೆ ಹೊಂಡಕ್ಕೆ ಹತ್ತೇ ದಿನದಲ್ಲಿ 2.9 ಲಕ್ಷ ಲೀಟರ್. 56ಕ್ಕಿಂತ ಭಾಳ ಹೆಚ್ಚು ಇಳಿದಿದ್ದರೆ ಖುಷಿಪಡಿ, ನಿಮ್ಮ ಹೊಂಡವೇ ಸುತ್ತಲಿನ ನೆಲಕ್ಕೆ ನೀರು ಕೊಡುತ್ತಿದೆ.

ಹೊಂಡದ ಮ್ಯಾಲಿನ ಹೊಲದ ಬಾವಿ ಇಳದೈತಿ, ಕೆಳಗಿನ ಹೊಲದ ನಮ್ಮ ಕಾಕಾರ ಬಾವಿ ಏರೈತಿ. ಇದೆಂಥಾ ನ್ಯಾಯ?

ಇದು ನಿಜ ಇರಬಹುದು, ಯಾರೂ ಸುಳ್ಳು ಹೇಳುತ್ತಿಲ್ಲ. ನೆಲದೊಳಗಿನ ನೀರು ಇಳಿಜಾರಾಗಿ ನದಿಯ ಕಡೆ ಹೊರಟಿರುತ್ತದೆ. ಹೊಂಡದ ನೀರು ಮಾತ್ರ ಚಪ್ಪಟೆ. 200 ಮೀಟರ್ ಉದ್ದದ ಹೊಂಡ, ನೀರಿನ ಇಳಿಜಾರು 200ಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಒಂದು ಮೀಟರಿನ ಇಳಿಜಾರು ಚಪ್ಪಟೆ ಆಯಿತು. ಮೇಲಿನ ಅಂಚಿನಲ್ಲಿ ಅರ್ಧ ಮೀಟರ್ ಇಳಿಯುತ್ತದೆ, ಕೆಳಗಿನ ಅಂಚಿನಲ್ಲಿ ಅರ್ಧ ಮೀಟರ್ ಏರುತ್ತದೆ. ಆವಿ ಇದರ ಮೇಲೆ ಇಬ್ಬರದ್ದೂ ಇಳಿಸುತ್ತದೆ. ಕಾಕಾರ ಬಾವಿ ಏರಿದ್ದನ್ನು ತೋರಿಸಿ "ಹೊಂಡದಿಂದ ಊರಿಗೆ ಲಾಭ" ಅಂತ ಯಾರಾದರೂ ಹೇಳಿದರೆ ಮೇಲಿನ ಬಾವಿಯನ್ನೂ ತೋರಿಸಿ. ಉದ್ದದ ಹೊಂಡವನ್ನು ನೀರಿನ ಹರಿವಿಗೆ ಅಡ್ಡಲಾಗಿ ತೋಡಿದರೆ ಈ ಏರುಪೇರು ಕಡಿಮೆ.

ಆತು, ತಿರುಗಿ ಕೊಡೋಣು. ಹೆಂಗ ಕೊಡೋದು?

ಇದಕ್ಕೆ ತುಸು ಉದ್ದ ಉತ್ತರ ಬೇಕು, ಯಾಕೆಂದರೆ ಸುಳ್ಳು ಜಮೆ ಬರೆಯುವುದು ಇಲ್ಲೇ.

ಮೊದಲ ದಾರಿ, ಪಂಪ್ ಕಡಿಮೆ ಮಾಡುವುದು. ಹೊಂಡದ ಒಡೆಯನಿಗೆ ಅದೇ ಸೀಮೆಯಲ್ಲಿ ಬೋರಿನ ಹೊಲ ಇದ್ದರೆ ಬೇಸಿಗೆ ಬೆಳೆ ಬಿಡಬೇಕು. ಬೇಸಿಗೆಯ ಒಂದು ಬೆಳೆ 500 ಮಿಮೀ ಕುಡಿಯುತ್ತದೆ ಅಂತ ಹಿಡಿದರೆ ಎಕರೆಗೆ 20 ಲಕ್ಷ ಲೀಟರ್. ಒಂದು ಎಕರೆ ಹೊಂಡದ 33 ಲಕ್ಷಕ್ಕೆ ಒಂದೂ ಮುಕ್ಕಾಲು ಎಕರೆಯ ಬೇಸಿಗೆ ಬೆಳೆ ಬಿಟ್ಟರೆ ಹತ್ತಿರ ಹತ್ತಿರ ಸರಿಹೋಗುತ್ತದೆ. ಜಮೆ ಬರೆಯುವಾಗ ಬೆಳೆ ಕುಡಿದದ್ದನ್ನು ಮಾತ್ರ ಬರೆಯಬೇಕು. ಪಂಪಿನಿಂದ ಎತ್ತಿದ್ದೆಲ್ಲ ಖರ್ಚಲ್ಲ. ಬದುವಿಗೆ ಹರಿದು ಇಂಗಿದ್ದು ಹೇಗೂ ನೆಲಕ್ಕೇ ಹೋಗುತ್ತಿತ್ತು. ಈ ದಾರಿಯ ದೊಡ್ಡ ಗುಣ ಅಂದರೆ, ನೀರು ಉಳಿಯುವುದೂ ಬೇಸಿಗೆಯಲ್ಲೇ, ಆವಿ ಹೋಗುವುದೂ ಬೇಸಿಗೆಯಲ್ಲೇ.

ಎರಡನೆಯದು ಮಳೆನೀರು ಇಂಗಿಸುವುದು. ಎಲ್ಲರ ಬಾಯಲ್ಲೂ ಇರುವುದು ಇದೇ, ಫೋಟೋಕ್ಕೂ ಛಲೋ ಬರುತ್ತದೆ. ಖಡಿ ಮಷಿನ್ ಅಂಗಳದಲ್ಲಿ 1,000 ಚದರ ಮೀಟರ್ ತಗಡಿನ ಛಾವಣಿ ಇದ್ದು, 700 ಮಿಮೀ ಮಳೆಯ ಹತ್ತರಲ್ಲಿ ಎಂಟು ಪಾಲು ಹಿಡಿದರೆ 5.6 ಲಕ್ಷ ಲೀಟರ್. ಒಂದು ಎಕರೆ ಹೊಂಡದ ನಷ್ಟದ ಆರನೇ ಒಂದು ಪಾಲು. ಅಂಗಳದ ಮೂಲೆಗೊಂದು ಇಂಗುಗುಂಡಿ ತೋಡಿ "ನಾವು ನೀರು ತಿರುಗಿ ಕೊಟ್ಟೆವು" ಅಂತ ಫಲಕ ಹಾಕಿದವರನ್ನು ಛಾವಣಿ ಎಷ್ಟು, ಹೊಂಡ ಎಷ್ಟು ಅಂತ ಕೇಳಿ.

ಹಳ್ಳದ ನೀರು ತಡೆದರೆ ಪ್ರಮಾಣ ಸಿಗುತ್ತದೆ. ಆದರೆ ಯಾವಾಗ ತಡೆದಿರಿ ಅನ್ನುವುದು ಮುಖ್ಯ. ಜೂನ್‌ನಲ್ಲಿ ಇಂಗಿಸಿದ ನೀರು ನದಿದಂಡೆಯ ಉಸುಕಿನಲ್ಲಿ ಬೇಸಿಗೆವರೆಗೆ ಕೂತಿರುವುದಿಲ್ಲ. ವರದಾ, ತುಂಗಭದ್ರಾ ಕಡೆ ಜಾರಿಕೊಂಡು ಹೋಗಿರುತ್ತದೆ. ಗಳಗನಾಥದ ಸಂಗಮ ದಾಟಿದ ಮೇಲೆ ಅದು ನಿಮ್ಮ ಬಾವಿಯ ನೀರಲ್ಲ. ನದಿಯಿಂದ ದೂರ, ಹೊಂಡದ ಮೇಲ್ಬದಿಯಲ್ಲಿ ಇಂಗಿಸಿದರೆ ನೀರು ನಿಧಾನ ಇಳಿದು ತಡವಾಗಿ ತಲುಪುತ್ತದೆ. ಹಸ್ತ, ಚಿತ್ತಿ, ಸ್ವಾತಿ ಮಳೆಯ ನೀರು ಹಿಡಿದರೆ ಇನ್ನೂ ಉತ್ತಮ, ಬೇಸಿಗೆಗೆ ಅದು ಹತ್ತಿರ. ಹಿಂಗಾರಿ ಮಳೆ ಕೈಕೊಟ್ಟ ವರ್ಷ ಈ ಜಮೆ ಇಲ್ಲ ಅಂತಲೇ ತಿಳಿಯಬೇಕು, ಆದರೆ ಹೊಂಡದ ಖರ್ಚು ಆ ವರ್ಷ ಇನ್ನೂ ಹೆಚ್ಚು.

ಇನ್ನೊಂದು ಮಾತು. ನೀವು ತಡೆದ ಹಳ್ಳದ ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತಿದ್ದರೆ ಅದು ಜಮೆ ಅಲ್ಲ, ಅವರ ಖಾತೆಯಿಂದ ನಿಮ್ಮ ಖಾತೆಗೆ ಎತ್ತಿದ್ದು.

ಹಳ್ಳದ ನೀರನ್ನ ಸೀದಾ ಹೊಂಡಕ್ಕ ತಿರುವಿಬಿಟ್ಟರ?

ಹೊಂಡ ಅಂತರ್ಜಲಕ್ಕೆ ಕೂಡಿದ್ದರೆ ಅದು ಇಂಗುಗುಂಡಿಯಂತೆಯೇ ಕೆಲಸ ಮಾಡುತ್ತದೆ, ನಿಜ. ತೊಂದರೆ ಎರಡು. ಎರಿ ಹೊಲದಿಂದ ಬರುವ ನೀರು ಅಂದರೆ ಅರ್ಧ ಕೆಸರು. ಬೆಣ್ಣಿಹಳ್ಳದ ಮಹಾಪೂರ ನೋಡಿದವರಿಗೆ ಆ ಬಣ್ಣ ಗೊತ್ತು. ಎರಡು ಮಳೆಗಾಲದಲ್ಲಿ ಹೊಂಡದ ತಳಕ್ಕೆ ಜೇಡಿಯ ಪದರ ಕೂತು ಇಂಗುವುದು ಕಡಿಮೆಯಾಗುತ್ತದೆ. ಮುಂಚೆ ಒಂದು ಕೆಸರು ಗುಂಡಿ ಮಾಡಿ, ಅಲ್ಲಿ ತಿಳಿಯಾದದ್ದನ್ನು ಒಳಗೆ ಬಿಡಬೇಕು, ವರ್ಷಾ ವರ್ಷಾ ಆ ಕೆಸರನ್ನು ಎತ್ತಿ ಹಾಕಬೇಕು. ಎರಡನೆಯದು, ಹಳ್ಳದಲ್ಲಿ ಬರುವ ಗೊಬ್ಬರ, ಔಷಧಿ, ಊರಿನ ಚರಂಡಿ ಎಲ್ಲ ಮಣ್ಣಿನ ಸೋಸುವಿಕೆ ಇಲ್ಲದೆ ನೇರ ಬಾವಿಯ ನೀರಿಗೆ ಸೇರುತ್ತದೆ. ಹುಬ್ಬಳ್ಳಿಯಂಥ ಶಹರದ ಅಂಚಿನ ಹೊಂಡಕ್ಕೆ ನಾನಂತೂ ಇದನ್ನು ಹೇಳುವುದಿಲ್ಲ.

ಮುಚ್ಚೇ ಬಿಟ್ಟರ?

ನನ್ನ ಕೇಳಿದರೆ ಎಲ್ಲಕ್ಕಿಂತ ಪಕ್ಕಾ ಉಪಾಯ ಇದೇ, ಪೂರ್ತಿ ಮುಚ್ಚಲಾಗದಿದ್ದರೂ ಅಷ್ಟಿಷ್ಟು. ಮೇಲ್ಮಣ್ಣು, ಕೆಲಸಕ್ಕೆ ಬಾರದ ಗರಸು, ಬಂಡೆಚೂರು ಎಲ್ಲವನ್ನೂ ನೀರಿನ ಮಟ್ಟಕ್ಕಿಂತ ಐದಾರು ಅಡಿ ಮೇಲೆ ಬರುವ ಹಾಗೆ ತುಂಬಿದರೆ ಅಷ್ಟು ಜಾಗದ ಆವಿ ಹೆಚ್ಚುಕಡಿಮೆ ನಿಂತಂತೆ. ಎರಡು ಎಕರೆ ಹೊಂಡದಲ್ಲಿ ಒಂದೂವರೆ ಎಕರೆ ತುಂಬಿ ಅರ್ಧ ಎಕರೆಯನ್ನು ಆಳವಾಗಿ ದನಕರುಗಳಿಗೆ ಬಿಟ್ಟರೆ ನಷ್ಟ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ತುಂಬಿದ ಜಾಗದ ಮೇಲೆ ಆಳಕ್ಕೆ ಬೇರು ಬಿಡುವ ನೀಲಗಿರಿ ಹಚ್ಚಬೇಡಿ. ಬಿಸಿಲು ಮಾಡುತ್ತಿದ್ದ ಕೆಲಸವನ್ನು ಬೇರು ಮಾಡುತ್ತದೆ. ಮೊದಲಿನಿಂದಲೂ ಒಂದು ಕಡೆ ತೋಡುತ್ತ ಇನ್ನೊಂದು ಕಡೆ ಮುಚ್ಚುತ್ತ ಬಂದರೆ ಖರ್ಚೂ ಕಡಿಮೆ. ಕಡೆಗೆ ಒಟ್ಟಿಗೆ ಮುಚ್ಚುತ್ತೇವೆ ಅಂದವರು ಮುಚ್ಚುವುದು ಅಪರೂಪ.

ಊರಿನ ಕಸ, ಆಸ್ಪತ್ರೆ ಕಸ, ಕೆಮಿಕಲ್ ಡ್ರಮ್ಮು ಹಾಕಿ ಮುಚ್ಚುವುದಕ್ಕಿಂತ ಹೊಂಡ ಹಾಗೇ ಇರಲಿ.

ಪ್ಲಾಸ್ಟಿಕ್ ಹಾಳಿ, ಸೋಲಾರ್, ಮ್ಯಾಲೆ ಹಾಕೂ ಔಷಧಿ?

ಕೃಷಿ ಹೊಂಡಕ್ಕೆ ಹಾಸುವ ಹಾಳಿ ನೀರು ಇಂಗದಂತೆ ತಡೆಯುತ್ತದೆ, ಆವಿಯನ್ನಲ್ಲ. ದೊಡ್ಡ ಹೊಂಡಕ್ಕೆ ಹಾಸಿದರೆ ಅಂತರ್ಜಲದ ಸಂಬಂಧ ಕಡಿದಂತಾಗುತ್ತದೆಯಾದರೂ ಕೆಳಗಿನ ನೀರು ಹಾಳಿಯನ್ನು ಮೇಲೆತ್ತಿ ಹರಿದು ಹಾಕುತ್ತದೆ. ತೇಲುವ ಸೋಲಾರ್ ಮುಚ್ಚಿದಷ್ಟು ಜಾಗದ ಆವಿಯನ್ನು ಕಡಿಮೆ ಮಾಡುತ್ತದೆ, ಜೊತೆಗೆ ಕರೆಂಟು. ಬಂಡವಾಳ ಇದ್ದವರು ನೋಡಲಿ. ಸೀಟೈಲ್ ಆಲ್ಕೊಹಾಲ್ ಥರದ ಔಷಧಿ ನೀರಿನ ಮೇಲೆ ತೆಳ್ಳನೆಯ ಪದರ ಕಟ್ಟುತ್ತದೆ, ಗಾಳಿ ಬೀಸಿದರೆ ಒಂದು ಮೂಲೆಗೆ ಹೋಗಿ ಕೂಡುತ್ತದೆ. ಗದಗಿನ ಗಾಳಿಗೆ ಅದು ನಿಲ್ಲುವುದಿಲ್ಲ.

ಕ್ವಾರಿ ಬಂದ್ ಆಗಿ ಹತ್ತು ವರ್ಷ ಆತು. ಮಾಲೀಕರು ಹ್ವಾದರು. ಈಗ ಯಾರ ಹೊಣೆ?

ಲೀಸು ಮುಗಿದರೂ ಆವಿ ಮುಗಿಯುವುದಿಲ್ಲ. ಈ ವಿಷಯದ ಇಡೀ ತೊಡಕು ಇದೇ. ಮಾಲು ಮಾರಿ ಬರುವ ಆದಾಯ ಐದು ಹತ್ತು ವರ್ಷದ್ದು, ನೀರಿನ ಖರ್ಚು ಹೊಂಡ ತೆರೆದಿರುವಷ್ಟು ಕಾಲದ್ದು. ಅದಕ್ಕೇ ದುಡ್ಡು ಕೈಯಲ್ಲಿ ಓಡಾಡುತ್ತಿರುವಾಗಲೇ ಮುಚ್ಚುವ ವೆಚ್ಚವನ್ನು ಠೇವಣಿ ಇಡಿಸಿಕೊಳ್ಳಬೇಕು. ಹಳೆಯ ಹೊಂಡಕ್ಕೆ ಪಂಚಾಯ್ತಿ ಠರಾವು ಮಾಡಿ, ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿಂದ ಮುಚ್ಚಲು, ಬೇಲಿ ಹಾಕಲು ಕೇಳಬಹುದು. 2015ರಿಂದ ಈ ನಿಧಿ ಇರುವುದೇ ಗಣಿಗಾರಿಕೆಯಿಂದ ಬಾಧೆಪಟ್ಟ ಊರುಗಳಿಗೆ. ಬೇಲಿಯನ್ನು ಮೊದಲು ಕೇಳಿ, ಈಜಲು ಇಳಿಯುವ ಹುಡುಗರಿಗೆ ಕ್ವಾರಿಯ ಕಡಿದಾದ ಅಂಚು ಹತ್ತಿ ಬರಲು ಆಗುವುದಿಲ್ಲ.

ನಮ್ಮ ಎರಡು ಎಕರೆ ಉಸುಕಿಗೆ ಕೇಳಾಕತ್ತಾರ. ಕೊಡೂ ಮುಂಚೆ ಏನ ನೋಡಬೇಕ್ರಿ?

ಕೊಡಬೇಡಿ ಅಂತ ಹೇಳುವುದಿಲ್ಲ. ಮಗಳ ಮದುವೆ, ಬ್ಯಾಂಕಿನ ಸಾಲ ನಿಮಗೆ ಗೊತ್ತು. ಆದರೆ ಸಹಿ ಮಾಡುವ ಮುಂಚೆ ಮೇ ತಿಂಗಳಲ್ಲಿ ನಿಮ್ಮ ಬಾವಿ ಮತ್ತು ನಾಲ್ಕೂ ದಿಕ್ಕಿನ ಬಾವಿಗಳ ನೀರು ಎಷ್ಟು ಅಡಿಗೆ ಇದೆ ಅಂತ ಅಳೆದು, ಪಂಚಾಯ್ತಿಯವರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಬಾವಿಗೆ ಹಗ್ಗ ಬಿಟ್ಟರೆ ಸಾಕು, ದೊಡ್ಡ ಉಪಕರಣ ಬೇಕಿಲ್ಲ. ಆಮೇಲೆ ಜಗಳ ಬಂದಾಗ "ಮುಂಚೆ ಎಷ್ಟಿತ್ತು" ಅನ್ನುವ ಪ್ರಶ್ನೆಗೆ ಉತ್ತರ ಇರುವ ಕಾಗದ ಅದೊಂದೇ.

ಕರಾರಿನಲ್ಲಿ ಎಷ್ಟು ಆಳ ಅಂತ ಬರೆಯುತ್ತಾರೆ. ಯಾವ ಮಟ್ಟದಿಂದ ಆಳ ಅಂತಲೂ ಬರೆಸಿ. ಹೊಲದ ಮೂಲೆಯ ಗಡಿಕಲ್ಲಿನಿಂದ ಇಷ್ಟು ಅಡಿ ಅಂತ ಇರಲಿ. ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಬೇಕು, ಮಾರಬಾರದು ಅಂತ ಬರೆಸಿ. ಮಳೆಗಾಲದಲ್ಲಿ ಬಾವಿಯ ನೀರು ಏರುವ ಮಟ್ಟಕ್ಕಿಂತ ಎರಡು ಮೂರು ಅಡಿ ಮೇಲೆಯೇ ತೋಡುವುದು ನಿಲ್ಲುತ್ತದೆ ಅಂತ ಒಪ್ಪಿದರೆ ಮೇಲಿನ ಯಾವ ಲೆಕ್ಕವೂ ನಿಮಗೆ ಬೇಕಾಗುವುದಿಲ್ಲ. ಹೊಲ ತಗ್ಗಾಗುತ್ತದೆ, ಮಣ್ಣು ಹರಡಿದರೆ ಮತ್ತೆ ಬಿತ್ತಬಹುದು. ಒಪ್ಪದಿದ್ದರೆ ತೆರೆದಿರುವ ನೀರು ಒಂದು ಸಲಕ್ಕೆ ಇಪ್ಪತ್ತು ಗುಂಟೆ ದಾಟಬಾರದು, ದಾಟುವ ಮುಂಚೆ ಹಿಂದಿನದು ಮುಚ್ಚಿರಬೇಕು ಅಂತ ಕೇಳಿ. ಮುಚ್ಚುವ ಖರ್ಚಿನ ದುಡ್ಡು ಮೊದಲ ಟ್ರಕ್ಕು ಹೊರಡುವ ಮುಂಚೆ ಬ್ಯಾಂಕಿನಲ್ಲಿ ಇಬ್ಬರ ಹೆಸರಿನಲ್ಲಿ ಇರಲಿ.